ಮಸಗುಪ್ಪಿಗೆ ಬೆನ್ನು ತಿರುಗಿಸಿದ ಆಂಟೆನಾ

ಪಿಎಸ್ಐ ಕಸ್ತೂರಿ ಬಂದಾಗ ಗೋಕಾಕದ ಆ ರೇಡಿಯೋ ಸಿಗ್ನಲ್ ಕಂಪನಿಯಲ್ಲಿ ಏನೂ ಕಳುವಾಗಿರಲಿಲ್ಲ, ಏನೂ ಒಡೆದಿರಲಿಲ್ಲ. ಆಂಟೆನಾದ ಪೆಟ್ಟಿಗೆಯೊಳಗಿನ, ಬೆಳಕು ಸಾಗಿಸುವ ಗಾಜಿನ ಎಳೆಗಳನ್ನು ಯಾರೋ ಅದಲುಬದಲು ಮಾಡಿದ್ದರು, ಅಷ್ಟೇ. ಮಧ್ಯಾಹ್ನ ದೊಡ್ಡವರು ನೋಡಲು ಬರುವವರಿದ್ದರು. ಮಸಗುಪ್ಪಿ ಊರಿನ ರಿಸೀವರ್ ಸತ್ತು ಬಿದ್ದಿತ್ತು.

"ಇಕಿನ ಮಾಡಿದಾಕಿ. ಬ್ಯಾರೆ ಕಂಪನಿ ಕೂಡ ಕೈ ಜೋಡ್ಸ್ಯಾಳ," ಎಂದ ಮಾಲೀಕ ಸನ್ಮತಿ, ಎಂಜಿನಿಯರ್ ಪ್ರಣಿತಾಳತ್ತ ಬೆರಳು ತೋರಿಸಿ. ದೂರನ್ನು ಆಗಲೇ ಠಾಣೆಗೆ ಕೊಟ್ಟಿದ್ದ. ಅದು ನಿಜವೆಂದಾದರೆ ಆಕೆಗೆ ಮತ್ತೆಲ್ಲೂ ಕೆಲಸ ಸಿಗದು.

"ಈ ಎಳಿ ಏನ್ ಮಾಡ್ತಾವು? ನನಗ ತಿಳಿಯೂಹಂಗ ಹೇಳವ್ವ," ಎಂದು ಕಸ್ತೂರಿ ಪ್ರಣಿತಾಳನ್ನು ಕೇಳಿದಳು.

"ಚಕ್ಕಡಿಯ ಎಡದ ಎತ್ತು ಹಿಂದ ಬಿದ್ರ ಚಕ್ಕಡಿ ಎಡಕ್ಕ ಹೊಳ್ಳತೈತಲ್ರಿ, ಹಂಗ. ಸಿಗ್ನಲ್ ಬೆಳಕಿನಾಗ ಕುಂತು ಆಂಟೆನಾಕ್ಕ ಹೋಗತೈತಿ. ಉದ್ದನ್ನ ಎಳಿಯಾಗ ತಡ ಆಗತೈತಿ. ತಡ ಆದ ಕಡೆ ರೇಡಿಯೋ ಅಲೆ ಹೊಳ್ಳತೈತಿ. ಉದ್ದಂದು ಬಲಕ್ಕಿದ್ರ ಮಸಗುಪ್ಪಿ, ಎಡಕ್ಕಿದ್ರ ಹುಕ್ಕೇರಿ."

"ಎರಡೂ ಕಡೆ ಒಮ್ಮೆಲೆ?"

"ಆಗೂದಿಲ್ರಿ."

*

ಕಂಪನಿಯ ಕೀಲಿ ಇರುತ್ತಿದ್ದದ್ದು ಕಾವಲುಗಾರ ಮಾಲಿಂಗನ ಬಳಿ. ಕಸ್ತೂರಿ ಅವನನ್ನೇ ಹಿಡಿದಳು.

"ಶಾಕ್ ಹೊಡಿತೈತಂತ ನಾ ಆ ಪೆಟ್ಟಿಗಿ ಬಾಜೂಕೂ ಹೋಗಂಗಿಲ್ರಿ," ಎಂದ. ಗಾಜಿನೊಳಗೆ ಕರೆಂಟ್ ಇರದೆಂದೇ ತಿಳಿಯದವನು! ಕಸ್ತೂರಿ ನಗು ತಡೆದುಕೊಂಡು ಅವನನ್ನು ಬಿಟ್ಟಳು.

ಮಸಗುಪ್ಪಿಯಿಂದ ಪ್ರಣಿತಾಳ ಸಹಾಯಕ ಬಾಳೇಶ ಬಂದ. "ನಿನ್ನೆ ರಾತ್ರಿಯಿಂದ ಅಲ್ಲೇ ಇದ್ದೆರಿ. ಮುಂಜಾನಿತನಕ ರಿಸೀವರ್‌ದಾಗ ಸಿಗ್ನಲ್ ಬಂದಾಗ ಹತ್ತೂ ಹಸರ ದೀಪ ಇತ್ತು. ಮೇಡಮ್ ಆಫೀಸಿಗಿ ಬಂದ ಮ್ಯಾಲೆ ಆರೇತಿ."

*

ಇನ್ನೊಂದು ರಿಸೀವರ್ ಹುಕ್ಕೇರಿಯಲ್ಲಿ, ಯಮನವ್ವನ ಚಾದಂಗಡಿಯಲ್ಲಿತ್ತು. ಕಸ್ತೂರಿ ಜೀಪು ಹತ್ತಿದಳು.

"ನಿನ್ನೆ ದೇವರಿಗೆ ದೀಪ ಹಚ್ಚೂಮುಂದ ಇದೂ ಹಸರಗ ಹತ್ತೇತಿ ನೋಡ್ರಿ," ಎಂದಳು ಯಮನವ್ವ. "ಇದಕ್ಕೂ ಒಂದು ಕೈ ಮುಗದ್ನಿ. ಇನ್ನೂ ಉರಿಯಾಕತ್ತೈತಿ."

*

"ಹುಕ್ಕೇರಿಯೊಳಗ ನಿನ್ನೆ ಸಂಜಿಕನ ದೀಪ ಹತ್ತೇತಿ," ಎಂದಳು ಕಸ್ತೂರಿ, ಕಂಪನಿಗೆ ಮರಳಿ ಎಲ್ಲರೆದುರು. "ಅಂದ್ರ ಮಸಗುಪ್ಪಿಯೊಳಗ ಆಗಲೇ ಆರಿರಬೇಕು. ಬಾಳೇಶ, ಮುಂಜಾನಿ ನೀ ಯಾವ ದೀಪ ನೋಡಿದಿ?"

ಕಸ್ತೂರಿ ಮಾಲೀಕನತ್ತ ತಿರುಗಿದಳು.

"ಸನ್ಮತಿಯವರ, ನೀವು ಜೈನರು. ಹೊತ್ತು ಮುಳುಗೂದ್ರೊಳಗ ಉಣ್ಣಾಕ ಮನಿಗಿ ಹೋಗ್ತೀರಿ. ಪ್ರಣಿತಾನೂ ಹಂಗ ಹೋಗ್ತಾಳ. ದೀಪ ಹಚ್ಚೂ ಹೊತ್ತಿಗೆ ಇಲ್ಲಿ ಯಾರಿದ್ರು, ಮಾಲಿಂಗ?"

"ಬಾಳೇಶಣ್ಣ. ಮಸಗುಪ್ಪಿ ರಿಸೀವರ್‌ದ ಸಾಮಾನ ಒಯ್ತೇನಂತ ಕೀಲಿ ಇಸ್ಕೊಂಡಾನ್ರಿ."

ಪ್ರಣಿತಾ ಸಂಜೆ ಇರುವುದಿಲ್ಲ. ಹಾಗಾಗಿ ಆಕೆಯ ಮೇಲೆ ಹೊರಿಸಲು, ಕೆಟ್ಟದ್ದು ಬೆಳಗ್ಗೆ ಎಂದು ಬಾಳೇಶ ಹೇಳಬೇಕಾಯಿತು. ಹುಕ್ಕೇರಿಯ ದೀಪದ ನೆನಪೇ ಅವನಿಗೆ ಬರಲಿಲ್ಲ.

"ಅಕಿ ಹೋದ್ರ ಆ ಕುರ್ಚಿ ನನಗ ಬರತಿತ್ರಿ," ಎಂದ ಬಾಳೇಶ, ನೆಲ ನೋಡುತ್ತ.

ಸನ್ಮತಿ ಪ್ರಣಿತಾಳತ್ತ ತಿರುಗಿದ. "ತಪ್ಪಾತವ್ವ. ದೊಡ್ಡವ್ರು ಬರೂ ಹೊತ್ತಾತು, ಲಗೂನ ಎಳಿ ಜೋಡಸು."

ಪ್ರಣಿತಾ ಕದಲಲಿಲ್ಲ. "ಮೊದಲ ಠಾಣೆಗಿ ಹೋಗಿ ದೂರು ಹಿಂದ ತಗೋರಿ, ಕಾಕಾ. ಅಲ್ಲಿತನಕ ನಾ ಕಳ್ಳೀನ ಅಲ್ಲೇನ್ರಿ?"