ತುಟಿ ಅಲುಗಿದ ತಪ್ಪಿಗೆ

"ಎದ್ದು ಹೊರಗೆ ಬನ್ನಿ ಮೇಡಂ."

ಇಂದ್ರಾಣಿ ತಲೆಯೆತ್ತಿದಳು. ಎದುರಿನ ಕಂಪ್ಯೂಟರ್ ಪರದೆ ಕೆಂಪಾಗಿತ್ತು. ಪಕ್ಕದಲ್ಲಿ ಬಂಗಾರಪೇಟೆಯ ಆ ಪರೀಕ್ಷಾ ಕೇಂದ್ರದ ಮೇಲ್ವಿಚಾರಕ ಸುಧಾಕರ್ ನಿಂತಿದ್ದ. ಬೇರೆ ದಿನವಾಗಿದ್ದರೆ ಆ ಮುಖವನ್ನು ಅವಳು ಇನ್ನೊಮ್ಮೆ ನೋಡುತ್ತಿದ್ದಳೇನೋ...

"ನಾನೇನ್ ಮಾಡ್ದೆ ಸಾರ್?"

"ಕ್ಯಾಮೆರಾ ಹಿಡಿದಿದೆ. ಯಾರ ಜೊತೆ ಮಾತಾಡ್ತಿದ್ರಿ?"

"ಯಾರ್ ಜೊತೇನೂ ಇಲ್ಲ. ಪ್ರಶ್ನೆ ಓದ್ಕೊಂತಿದ್ದೆ."

"ಬಾಯಲ್ಲಿ ಓದ್ತಾರಾ?"

ಅಷ್ಟು ಜನರೆದುರು ಅವಳು ಎದ್ದು ಹೊರಗೆ ನಡೆದಳು. ಆಸ್ಪತ್ರೆಯ ಲ್ಯಾಬ್ ಕೆಲಸದ ಪರೀಕ್ಷೆ ಅದು. ಅದೊಂದಕ್ಕಾಗಿಯೇ ಅವಳು ಇಷ್ಟು ವರ್ಷ ಹಲ್ಲು ಕಚ್ಚಿ ಓದಿದ್ದಳು.

ಇಂದ್ರಾಣಿಗೆ ಡಿಸ್ಲೆಕ್ಸಿಯಾ. ಸಾಲಿನ ಮೇಲೆ ಕಣ್ಣಿಟ್ಟರೆ ಅಕ್ಷರಗಳು ಕಲಸಿಹೋಗುತ್ತಿದ್ದವು. ಶಾಲೆಯಲ್ಲಿ ಅದಕ್ಕಿದ್ದ ಹೆಸರು ದಡ್ಡತನ. ಕಾಲೇಜಿನಲ್ಲಿ ಗೆಳತಿ ಸುಮಿತಾ ಅವಳ ಫೋನಿಗೊಂದು ಎಐ ಆ್ಯಪ್ ಹಾಕಿಕೊಟ್ಟಳು. ಪುಟಕ್ಕೆ ಕ್ಯಾಮೆರಾ ಹಿಡಿದರೆ ಅದು ಓದಿ ಹೇಳುತ್ತಿತ್ತು. 'ಬೆರಳಿಡಿ, ನನ್ನ ಜೊತೆ ಬಾಯಲ್ಲಿ ಹೇಳಿ' ಎನ್ನುತ್ತಿತ್ತು. ಎಷ್ಟು ತಪ್ಪಿದರೂ ಬೇಸರಿಸದ ಮೇಷ್ಟ್ರು ಅವಳಿಗೆ ಸಿಕ್ಕಿದ್ದು ಅದೊಂದೇ. ಹಾಗೆ ತುಟಿಯಲ್ಲಿ ಓದಿಯೇ ಲ್ಯಾಬ್ ಟೆಕ್ನೀಷಿಯನ್ ಕೋರ್ಸ್ ಪಾಸಾದಳು. ಈಗ ಒಂದು ಯಂತ್ರ ಕಲಿಸಿಕೊಟ್ಟಿದ್ದನ್ನು ಇನ್ನೊಂದು ಯಂತ್ರ ಕಾಪಿ ಎಂದಿತ್ತು.

ಮುಂದಿನ ಭಾನುವಾರ ಸುಧಾಕರ್ ವಿಳಾಸ ಹುಡುಕಿಕೊಂಡು ನಂದಿದುರ್ಗ ಚಿನ್ನದ ಗಣಿ ಕಾರ್ಮಿಕರ ಲೈನ್ ಮನೆಗೇ ಬಂದುಬಿಟ್ಟ.

"ಯಾರಪ್ಪಾ? ಒಳಗೆ ವಾ," ಎಂದು ತಮಿಳು ಬೆರೆಸಿ ಕರೆದಳು ತಾಯಿ ಮಾರಿಯಮ್ಮ. ಅವನು ಬಾಗಿಲಲ್ಲೇ ನಿಂತ.

"ಅವತ್ತು ಸಾಯಂಕಾಲ ಸ್ಟೇಷನ್ನಲ್ಲಿ ನಿಮ್ಮನ್ನ ನೋಡ್ದೆ," ಎಂದ ಇಂದ್ರಾಣಿಗೆ. "ರೈಲ್ ಟೈಮ್ ಬೋರ್ಡ್ ಮೇಲೆ ಬೆರಳಿಟ್ಟು, ಅಂಗೇ ತುಟಿ ಅಲ್ಲಾಡಿಸ್ತಿದ್ರಿ. ಪಕ್ಕದಾಗೆ ಯಾರೂ ಇರ್ಲಿಲ್ಲ. ಆಗ ನಂಗರ್ಥ ಆಯ್ತು. ಪರೀಕ್ಷೆಲಿ ಪರದೆ ನನ್ನ ಕೇಳ್ತು, ತುಟಿ ಅಲುಗ್ತಾ ಇದೆಯಾ ಅಂತ. ಔದು ಅಂತ ಒತ್ತಿದೆ. ಯಾಕೆ ಅಂತ ನಿಮ್ಮನ್ನ ಕೇಳ್ಲಿಲ್ಲ."

"ಈಗ ಕೇಳಿ ಏನ್ ಬಂತು? ಓಗಿ ಸಾರ್."

ಅವನು ಹೋಗಲಿಲ್ಲ. "ಅರ್ಜಿ ಹಾಕಣ. ನಾನೂ ಬರ್ದು ಕೊಡ್ತೀನಿ, ಇವ್ರು ಕಾಪಿ ಹೊಡೀಲಿಲ್ಲ ಅಂತ."

ಇಂದ್ರಾಣಿ ಕನ್ನಡ, ತಮಿಳು ಬೆರೆಸಿ ತನ್ನ ಸಂಕಟವನ್ನೆಲ್ಲ ಫೋನಿಗೆ ಹೇಳಿಕೊಂಡಳು. ಅದು ಒಂದು ತಪ್ಪಿಲ್ಲದ ಅರ್ಜಿ ಬರೆದುಕೊಟ್ಟಿತು. ಇಬ್ಬರೂ ತಮ್ಮ ಪತ್ರಗಳನ್ನು ಪರೀಕ್ಷೆ ನಡೆಸುವವರಿಗೆ ಕಳಿಸಿದರು. ಅವನ ಪರೀಕ್ಷಾ ಕೆಲಸವನ್ನು ಅದೇ ವಾರ ಕಿತ್ತುಕೊಂಡರು.

"ಓಗ್ಲಿ ಬಿಡಿ, ಮನೇಲಿ ಎಮ್ಮೆ ಐತೆ," ಎಂದು ನಕ್ಕ.

ಅವಳು ಬಂಗಾರಪೇಟೆಯ ಸಣ್ಣ ಲ್ಯಾಬೊಂದರಲ್ಲಿ ಗಾಜಿನ ಸಾಮಾನು ತೊಳೆಯಲು ಸೇರಿದಳು. ಸಂಜೆ ಡೈರಿಗೆ ಹಾಲು ಹಾಕಿ ಅವನು ಸ್ಟೇಷನ್ನಿಗೆ ಬರುತ್ತಿದ್ದ. ಅವಳು ಮನೆಗೆ ಹೋಗುವ ಮಾರಿಕುಪ್ಪಂ ರೈಲು ಬರುವವರೆಗೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಕೋಪ ಯಾವಾಗ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಅವನು ತಡಮಾಡಿದರೆ ಮಾತ್ರ ಅವಳ ಕಣ್ಣು ಮತ್ತೆ ಮತ್ತೆ ಸ್ಟೇಷನ್ನಿನ ಬಾಗಿಲಿಗೆ ಹೋಗುತ್ತಿತ್ತು.

ಒಂದು ಸಂಜೆ ಅರ್ಜಿಗೆ ಉತ್ತರ ಅವಳ ಫೋನಿಗೆ ಬಂತು.

"ನಾನು ಓದ್ಲಾ?"

"ಬೇಡ. ಆ್ಯಪೂ ಬೇಡ."

ಅವಳು ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಪದವನ್ನು ತುಟಿಗೆ ತಂದುಕೊಂಡಳು. ರೈಲು ಬಂತು, ಹೋಯಿತು. ಅವನು ಬೇಗ ಅನ್ನಲಿಲ್ಲ.

"ಅರ್ಜಿ ಇಷ್ಟು ಚೆನ್ನಾಗಿ ಬರೆದೋರಿಗೆ ಓದೋ ತೊಂದ್ರೆ ಇರಕ್ಕಾಗಲ್ವಂತೆ," ಎಂದಳು. "ಎರಡು ವರ್ಷ ಪರೀಕ್ಷೆ ಬರೆಯಂಗಿಲ್ವಂತೆ."

ನಗಲು ಹೋಗಿ ಅತ್ತುಬಿಟ್ಟಳು. "ಕೆಟ್ಟದಾಗಿ ಬರೆದ್ರೆ ದಡ್ಡಿ. ಚೆನ್ನಾಗಿ ಬರೆದ್ರೆ ಕಳ್ಳಿ. ನಾನು ಎಂಗೆ ಬರೀಬೇಕಿತ್ತು?"

ಅವನು ಅವಳ ಕೈಯಿಂದ ಫೋನು ತೆಗೆದು ಬೆಂಚಿನ ಮೇಲಿಟ್ಟ. ಆಮೇಲೆ ಕೇಳಿದ, "ಇಂದ್ರಾಣಿ, ನನ್ನ ಮದ್ವೆ ಆಗ್ತೀರಾ?"

ಅವಳು ಸರಿದು ಕೂತಳು. 'ಅಯ್ಯೋ ಪಾಪ ಅಂತಾನಾ...?'

"ತಪ್ಪಿಗೆ ದಂಡ ಕಟ್ತಿದೀರಾ? ಕನಿಕರದ ತಾಳಿ ನಂಗ್ ಬೇಡ."

"ಆ ತಪ್ಪು ಎಲ್ಲೂ ಓಗಲ್ಲ, ನನ್ ಜೊತೇನೇ ಇರ್ತದೆ. ಆದ್ರೆ ನಾನು ದಿನಾ ಬರೋದು ಅದುಕ್ಕಲ್ಲ. ನೀವು ಬರದೇ ಇದ್ದ ದಿನ ಈ ಬೆಂಚಲ್ಲಿ ಕೂರಕ್ಕಾಗಲ್ಲ ನಂಗೆ. ಮನೆಗೆ ಓಗಕ್ಕೂ ಆಗಲ್ಲ."

ಅವಳು ಕಣ್ಣೊರೆಸಿಕೊಂಡಳು. "ಇನ್ನೊಂದ್ ಸಲ ಕೇಳಿ. ಒಂದೇ ಸಲಕ್ಕೆ ತಲೆಗೆ ಹತ್ತಲ್ಲ ನಂಗೆ."

ಅವನು ನಿಧಾನವಾಗಿ ಕೇಳಿದ. ಅವಳ ತುಟಿ ಸದ್ದಿಲ್ಲದೆ ಆ ಪ್ರಶ್ನೆಯನ್ನು ಮತ್ತೆ ಹೇಳಿಕೊಂಡಿತು. ಅವನು ಅದನ್ನೇ ನೋಡುತ್ತಾ ಕಾದ.

"ಓದಾಯ್ತಾ?"

"ಆಯ್ತು."

ಅವಳು ಅವನ ಅಂಗೈ ಬಿಡಿಸಿ ನಡುವೆ ಬೆರಳಿಟ್ಟು ಒತ್ತಿದಳು.

"ಔದು," ಎಂದಳು.