ನೋಟ್‌ಬುಕ್ಕಿನ ಹಿಂಬದಿ

2025ರ ಜುಲೈ 10, ಗುರುವಾರ. ಬೆಳಿಗ್ಗೆ 11.10ಕ್ಕೆ ಚೆನ್ನೈನ ಸೆಷನ್ಸ್ ಕೋರ್ಟಿನಿಂದ ಠಾಣೆಗೆ ದೂರು ಬಂತು. ಓದಿ ಮುಗಿಸುವಷ್ಟರಲ್ಲಿ ಇನ್‌ಸ್ಪೆಕ್ಟರ್ ಗುರುಚರಣನ ಕಿವಿ ಕೆಂಪಾಗಿತ್ತು.

ಕುಂದಾಪುರದಲ್ಲಿ ಸತ್ತ ವೀಕ್ಷಾಳ ಕೊಲೆ ಕೇಸು ಅದು. ಗಂಡನ ಕಡೆಯವರು ಸಾಕ್ಷಿಗಳನ್ನು ಹೆದರಿಸುತ್ತಾರೆಂದು ತಾಯಿ ಚಂದ್ರಮತಿ ಮೂರು ವರ್ಷ ಅಲೆದು, ಸುಪ್ರೀಂ ಕೋರ್ಟಿನಿಂದ ಕೇಸನ್ನು ಚೆನ್ನೈಗೆ ವರ್ಗ ಮಾಡಿಸಿದ್ದಳು. ಕನ್ನಡದ ಕಡತವನ್ನು ತರ್ಜುಮೆಗೆಂದು ಭಾಷಾಂತರಕಾರರ ಮನೆಗೆ ಕೊಟ್ಟು, ಬುಧವಾರ ವಾಪಸು ತರಿಸಿಕೊಂಡರೆ, ವೀಕ್ಷಾಳ ನೋಟ್‌ಬುಕ್ಕಿನ ಒಂದು ಹಾಳೆ ಮಾಯ. ಗಂಡ ಸೀಮೆಎಣ್ಣೆ ತೋರಿಸಿ ಹೆದರಿಸಿದ್ದನ್ನು ಅವಳು ಬರೆದಿಟ್ಟ ಹಾಳೆ. ಉಳಿದದ್ದು ಮುಂಬದಿಯ ಝೆರಾಕ್ಸ್. ಕೈಬರಹದ ಪರೀಕ್ಷೆಗೆ ಅಸಲೇ ಬೇಕು. ಸೋಮವಾರ ವಿಚಾರಣೆ. ಹಾಳೆ ಸಿಗದಿದ್ದರೆ ಗಂಡ ನಗುತ್ತ ಮನೆಗೆ ಹೋಗುತ್ತಾನೆ.

"ಅಸಲು ಕಡತ ಮನೆಗೆ ಕೊಟ್ಟು ಕಳಿಸಿದ್ದಾರೆ. ಹಪ್ಪಳ ಒಣಗಿಸೋಕೆ ಕೊಟ್ಟ ಹಾಗೆ," ಎಂದು ಗುರುಚರಣ ಎಫ್‌ಐಆರ್‌ಗೆ ಸಹಿ ಗೀಚಿದ.

ಹೆಡ್ ಕಾನ್‌ಸ್ಟೇಬಲ್ ಗುಣವತಿ ಕಡತದ ಗಂಟನ್ನು ಮೇಜಿನ ಮೇಲಿಟ್ಟಳು. ಕೆಂಪು ಬಟ್ಟೆ, ಕಟ್ಟಲು ಬಿಳಿ ನಾಡಾ. ಆದರೆ ನಾಡಾಕ್ಕೆ ಗಂಟೇ ಇರಲಿಲ್ಲ. ಅಡ್ಡ ಉದ್ದ ಎರಡೆರಡು ಸುತ್ತು, ತುದಿಯನ್ನು ಹೊಸೆದು ಒಳಗೆ ಸಿಕ್ಕಿಸಿತ್ತು.

"ಕೋರ್ಟಿನಲ್ಲಿ ಬಿಚ್ಚಿದ್ದರಾ?"

"ಬದಿಯಿಂದ ಎಳೆದು ಪುಟ ಎಣಿಸಿದರಂತೆ ಸಾರ್. ಕಟ್ಟು ಹಾಗೇ ಇದೆ."

ಗುರುಚರಣ ಅದನ್ನೇ ದಿಟ್ಟಿಸಿದ. ಪ್ರತಿ ಸಂಜೆ ಹೋಟೆಲಿನ ಇಡ್ಲಿ ಪೊಟ್ಟಣದ ಮೇಲೆ ಅವನು ನೋಡುವ ಕಟ್ಟು.

12.30ಕ್ಕೆ ಪುರಸೈವಾಕ್ಕಂನಲ್ಲಿ ಭಾಷಾಂತರಕಾರ ಸತ್ಯಾತ್ಮರ ಮನೆ. ಪಂಚರ ಎದುರು ಪಂಚನಾಮೆ.

"ಕಾಫಿ ಸಾಪಡ್ತೀರಾ ಸಾರ್?"

"ಬೇಡ. ಕೆಲಸ ಮಾಡುವಾಗ ಯಾರಿದ್ದರು?"

"ನಾನು, ನನ್ನ ಕನ್ನಡಕ."

"ಊಟ?"

"ಸುಬ್ರಾಯ ತರ್ತಾ ಇದ್ದ. ಹೋಟೆಲ್ ಪಾರ್ಸಲ್ ಕೌಂಟರಿನವನು, ಚಂದ್ರಮತಿಯ ತಮ್ಮ. ಪಾವಂ, ಪಾಪದವನು, ಕೇಸಿಗೋಸ್ಕರ ಡೆಲ್ಲಿಗೆ ಎಷ್ಟು ಸಲ ಹೋದ."

"ಆ ಹಾಳೆಯ ಹಿಂಬದಿಯಲ್ಲಿ ಏನಿತ್ತು?"

ಸತ್ಯಾತ್ಮರು ಕನ್ನಡಕ ತೆಗೆದರು. "ನಾನ್ ಪೂರ್ತಿ ಓದಿರಲಿಲ್ಲ. ಮಂಗಳವಾರ ರಾತ್ರಿ ಊಟ ತಂದ ಸುಬ್ರಾಯನಿಗೆ, ಇದರಲ್ಲಿ ನಿನ್ನ ಹೆಸರೂ ಇದೆಯಪ್ಪಾ, ನಾಳೆ ಮಾಡ್ತೀನಿ ಅಂದೆ. ಕೈ ತೊಳೆಯೋಕೆ ಹೋದೆ. ಬಂದಾಗ ಅವನೇ ಕಡತ ಕಟ್ಟಿಟ್ಟಿದ್ದ; ಬೆಳಿಗ್ಗೆ ನಾನು ಬಿಚ್ಚುವ ಮೊದಲೇ ಕೋರ್ಟಿನವರು ಒಯ್ದರು."

2.05ಕ್ಕೆ ಅದೇ ಇಡ್ಲಿಯ ಹೋಟೆಲು. ಸುಬ್ರಾಯ ಸಾಂಬಾರಿನ ಪೊಟ್ಟಣ ಕಟ್ಟುತ್ತಿದ್ದ: ಅಡ್ಡ, ಉದ್ದ, ಹೊಸೆದು ಸಿಕ್ಕಿಸಿದ.

"ಎಲ್ಲಿಟ್ಟಿದ್ದೀಯ?"

"ಎಂತದು ಸಾರ್?"

ಗುರುಚರಣ ಮೇಜು ಗುದ್ದಿದ. ಪೊಟ್ಟಣ ಉರುಳಿತು. "ನಿನ್ನ ಮರ್ಯಾದೆ ಉಳಿಸೋಕೆ ಕೊಲೆಗಾರನನ್ನ ಬಿಡಿಸ್ತಿದ್ದೆಯಲ್ಲೋ. ಅಕ್ಕನ ಮುಖ ಹೇಗೆ ನೋಡ್ತಿದ್ದೆ?"

ಸುಬ್ರಾಯ ಅಂಗಿಯ ಜೇಬಿಗೆ ಕೈ ಹಾಕಿದ. ನಾಲ್ಕು ಮಡಿಕೆಯ ಹಾಳೆ. "ಸುಡುಕ್ ಹೋದೆ. ನಮ್ಮ್ ಹೆಣ್ಣಿನ್ ಅಕ್ಷರ ಕಂಡ್ ಕೈ ಬರ್ಲಿಲ್ಲ."

ಹಿಂಬದಿಯಲ್ಲಿ ಮೂರೇ ಸಾಲು. 'ಸುಬ್ರಾಯ ಮಾವನಿಗೆ ಫೋನ್ ಮಾಡಿದೆ. ಕರೆದುಕೊಂಡು ಹೋಗು ಅಂದೆ. ಹೊಂದಿಕೊಂಡು ಹೋಗು, ಜನ ಏನೆಂದಾರು ಅಂದ.'

2.40ಕ್ಕೆ ಬಂಧನವೆಂದು ದಾಖಲಾಯಿತು. ಠಾಣೆಯಲ್ಲಿ ಚಂದ್ರಮತಿ ಕಾದಿದ್ದಳು. ತಮ್ಮನ ಕಡೆ ತಿರುಗಲಿಲ್ಲ. "ಸೋಮವಾರ ಎರಡೂ ಬದಿ ಓದ್ತ್ರಾ ಸಾರ್?" ಎಂದಳು.

"ಎರಡೂ, ಅಮ್ಮ."

ಕೇಸು ಕುಂದಾಪುರದಲ್ಲೇ ಇದ್ದಿದ್ದರೆ ತರ್ಜುಮೆಯೇ ಬೇಕಿರಲಿಲ್ಲ, ಹಾಳೆಯನ್ನು ಯಾರೂ ತಿರುವುತ್ತಿರಲಿಲ್ಲ. ಆದರೆ ವರ್ಗಾವಣೆಯ ಅರ್ಜಿಗೆ ಮೊದಲ ಅಫಿಡವಿಟ್ ಕೊಟ್ಟವನು ಸುಬ್ರಾಯನೇ. ಗುರುಚರಣ ಅದನ್ನೂ ಕೇಸ್ ಡೈರಿಯಲ್ಲಿ ಬರೆದ.