ಟಿವಿ ಜೋರು ಮಾಡುವ ಹೊತ್ತು

ನಾನು ಬಾಡಿಗೆಗೆ ಬಂದ ಕಟ್ಟಡದಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲ ಮನೆಯವರೂ ಒಟ್ಟಿಗೇ ಟಿವಿ ಜೋರು ಮಾಡುತ್ತಿದ್ದರು, ಕಿವಿಯ ತಮಟೆ ಹರಿಯುವ ಹಾಗೆ. ಎದುರು ಮನೆಯ ಅಜ್ಜಿಯನ್ನು ಕೇಳಿದೆ.

“ಮೇಲಿನ ಮನೆಯವನು ಊಟಕ್ಕೆ ಬಂದಾಗೆಲ್ಲ ಹೆಂಡ್ತೀನ ಹೊಡೀತಿದ್ದ. ಅವಳು ಓಡಿಬಂದು ನಮ್ಮ ಬಾಗಿಲು ಬಡೀತಿದ್ಲು. ಗಂಡ ಹೆಂಡ್ತಿ ಜಗಳ, ನಮಗ್ಯಾಕೆ ಇಲ್ಲದ ಉಸಾಬರಿ ಅಂತ ಟಿವಿ ಜೋರು ಮಾಡ್ತಿದ್ವಿ.”

“ಈಗ?”

“ಅವಳು ಸತ್ತು ವರ್ಷವಾಯ್ತು. ಅವನೂ ಮನೆ ಬಿಟ್ಟು ಹೋದ.”

“ಮತ್ತೆ ಈಗಲೂ ಯಾಕಜ್ಜಿ ಟಿವಿ?”

ಅಜ್ಜಿ ಬಾಗಿಲು ಹಾಕಿಕೊಂಡರು.

ಮರುದಿನ ಅದೇ ಹೊತ್ತಿಗೆ ಕರೆಂಟು ಹೋಯಿತು. ಟಿವಿಗಳೆಲ್ಲ ಬಾಯಿ ಮುಚ್ಚಿದವು. ಆಗ ಕೇಳಿಸಿತು: ಒಂದೊಂದೇ ಬಾಗಿಲು ತಟ್ಟುತ್ತ, ಬರಿಗಾಲಲ್ಲಿ ಯಾರೋ ಮೆಟ್ಟಿಲಿಳಿಯುತ್ತಿದ್ದರು. ಒಬ್ಬರೂ ಬಾಗಿಲು ತೆಗೆಯಲಿಲ್ಲ. ಅವಳು ಸತ್ತ ಮೇಲೂ! ನನಗೆ ಮೈಯೆಲ್ಲ ಉರಿಯಿತು. ನನ್ನ ಬಾಗಿಲು ತಟ್ಟಿದ ಕೂಡಲೇ ಚಿಲಕಕ್ಕೆ ಕೈ ಹಾಕಿದೆ.

“ತೆಗೀಬೇಡಮ್ಮಾ!” ಅಜ್ಜಿ ತಮ್ಮ ಮನೆಯೊಳಗಿಂದಲೇ ಕೂಗಿದರು.

“ಆಗ ಇಷ್ಟು ಜೋರಾಗಿ ಕೂಗಿದ್ದಿದ್ರೆ ಅವಳು ಬದುಕ್ತಿದ್ಲು!” ಎಂದು ಬಾಗಿಲು ತೆಗೆದೆ.

ಹೊರಗೆ ಯಾರೂ ಇರಲಿಲ್ಲ. ಬಾಗಿಲಿನ ಹೊರಗಿನ ಹಿಡಿಕೆ ಮಾತ್ರ, ಯಾರದೋ ಅಂಗೈ ಆಗಷ್ಟೇ ಬಿಟ್ಟಂತೆ, ಬೆಚ್ಚಗಿತ್ತು.

ಅಂದಿನಿಂದ ನನ್ನ ಬಾಗಿಲನ್ನು ಯಾರೂ ತಟ್ಟಿಲ್ಲ. ಉಳಿದ ಮನೆಗಳಲ್ಲಿ ಮಧ್ಯಾಹ್ನವಾದರೆ ಇಂದಿಗೂ ಟಿವಿ ಜೋರಾಗುತ್ತದೆ.